ಎದೆಯ ಬಲಗಡೆ

ಅಂಬಾಲಾ
20-7-2003

ಪೂಜ್ಯ ಮಾವನವರಿಗೆ ನಿಮ್ಮ ಸೊಸೆ ಹಂಸ ಮಾಡುವ ನಮಸ್ಕಾರಗಳು.

ಬಂದು ಸೇರಿ ತಿಂಗಳ ಮೇಲಾಯ್ತು, ಒಂದು ಕಾಗದ ಹಾಕೋಕಾಗಲಿಲ್ವಾ ಅಂತ ಬೈಕೊಂಡಿರ್ತೀರ. ಫೋನ್ ಮಾಡಿದ್ರೆ ಆನಂದ ಭಾವ ಮಾತಾಡ್ತಾರೆ, ಶ್ವೇತಕ್ಕ ಮಾತಾಡ್ತಾರೆ. ನೀವು ಮಾತ್ರ "ಏನಂದೆ, ಏನಂದೆ" ಅಂತ ಕೇಳಿ ಫೋನನ್ನ ಶ್ವೇತಕ್ಕನ ಕೈಗೆ ಕೊಟ್ಟುಬಿಡ್ತೀರ. ಅದಕ್ಕೆ ನಿಮಗೆ ಕಾಗದವೇ ಸರಿ. ಇವರೂ ಗಡಿಯಿಂದ ನಿಮಗೆ ಕಾಗದವೇ ಬರೀತಿದ್ರಲ್ಲ.

ಸ್ಕೂಲು ಪರವಾಗಿಲ್ಲ. ಎಲ್ಲ ಮಿಲಿಟರಿಯೋರ ಮಕ್ಕಳು. ಪಕ್ಕದ ಕ್ವಾರ್ಟರ್ಸಲ್ಲಿ ಜಹನಾರಾ ಅಂತ ಇನ್ನೊಬ್ಬ ಟೀಚರು, ಅವಳ ಗಂಡ ಕಾರ್ಗಿಲ್‌ನಲ್ಲಿ ಹೋದೋರು. ತವರು ನಮ್ಮ ಶಿವಾಜಿನಗರ ಅಂದ್ರೆ ನಂಬ್ತೀರಾ? ಸಾಯಂಕಾಲ ಇಬ್ಬರೂ ಕೂತು ಬೆಂಗಳೂರನ್ನ ಬೈಕೊಂಡು ಖುಷಿಪಡ್ತೀವಿ.

ನೀವು ಕಳಿಸಿದ ರಾಗಿಹಿಟ್ಟಿನ ಪಾರ್ಸೆಲ್ ಬಂತು. ಮೇಲೆ "ಚಿ. ಸೌ. ಹಂಸ" ಅಂತ ಬರೆದಿದ್ರಿ. ಮಾವ, ಇನ್ನು ಮೇಲೆ ಸೌಭಾಗ್ಯವತಿ ಅಂತ ಬರೀಬೇಡಿ. ಬೇರೆಯೋರು ನೋಡಿ ಏನಂದ್ಕೊಳ್ತಾರೋ ಅಂತಲ್ಲ, ನಂಗೇ ಓದಕ್ಕಾಗಲ್ಲ.

ಇವರ ಮೆಡಲ್ ನಿಮ್ಮ ಹತ್ರ ಬಿಟ್ಟು ಬಂದಿದ್ದಕ್ಕೆ ಬೇಜಾರಿಲ್ಲ ತಾನೇ? ಅದನ್ನ ಟ್ರಂಕಿನಲ್ಲಿಟ್ಟುಕೊಂಡು ಆ ಟ್ರಂಕಿನ ಪಕ್ಕ ಮಲಗೋಕೆ ನನ್ನ ಕೈಲಾಗ್ತಿರಲಿಲ್ಲ. ಆಗಸ್ಟ್ ಹದಿನೈದಕ್ಕೆ ಕೆ.ಆರ್. ಪುರದ ಫಂಕ್ಷನ್ನಿಗೆ ನಿಮ್ಮನ್ನ ಕರೀತಾರೆ, ಹಾಕ್ಕೊಂಡು ಹೋಗಿ. ಆದ್ರೆ ಎದೆಯ ಬಲಗಡೆ ಹಾಕ್ಕೊಳ್ಳಿ. ಮೆಡಲ್ ಕೊಟ್ಟ ದಿನ ಮೇಜರ್ ಸಾಹೇಬ್ರು ನಂಗೆ ಬಿಡಿಸಿ ಹೇಳಿದ್ರು. ತಾನೇ ಗೆದ್ದೋನು ಎಡಗಡೆ ಹಾಕ್ಕೊಳ್ತಾನೆ, ತೀರಿಹೋದೋರದ್ದನ್ನ ಮನೆಯೋರು ಬಲಗಡೆ ಹಾಕ್ಕೋಬೇಕು, ಅದು ಅವರ ಪದ್ಧತಿ.

ನಮ್ಮ ರಸ್ತೆಗೆ ಇವರ ಹೆಸರಿನ ಕಲ್ಲು ಹಾಕಿಸ್ತೀವಿ ಅಂತ ಪಂಚಾಯ್ತಿಯೋರು ಅಂದಿದ್ರಲ್ಲ, ಎಲ್ಲಿಗೆ ಬಂತು? ಬರೆಯಿರಿ.

ಇಂತಿ,
ಹಂಸ


ಹೊರಮಾವು
24-8-2003

ಚಿ. ಸೌ. ಹಂಸಳಿಗೆ ನಿನ್ನ ಮಾವ ಬೈಲಪ್ಪನ ಆಶೀರ್ವಾದಗಳು.

ಬರೀಬೇಡಿ ಅಂದಿದ್ದೆ, ಕೈ ಅದನ್ನೇ ಬರೀತು. ನಾನು ಏಳನೇ ಕ್ಲಾಸು ಓದಿರೋನು. ಕಲ್ತಿದ್ದೇ ಅಷ್ಟು, ಅದನ್ನೂ ಬಿಡು ಅಂದ್ರೆ ಎಲ್ಲಿಗೆ ಹೋಗ್ಲಿ?

ಹದಿನೈದನೇ ತಾರೀಕು ಹೋಗಿದ್ದೆ. ಮುನಿ ಮದುವೇಲಿ ಹೊಲಿಸಿದ್ದ ಕಪ್ಪು ಕೋಟು ಶ್ವೇತ ಇಸ್ತ್ರಿ ಮಾಡಿಕೊಟ್ಟಳು. ನೀನು ಹೇಳಿದ ಹಂಗೇ ಬಲಗಡೆ ಮೆಡಲ್ ಹಾಕ್ಕೊಂಡೆ. ಮೊದಲ್ನೇ ಸಾಲಲ್ಲಿ ಕುರ್ಚಿ ಕೊಟ್ಟು ಶಾಲು ಹೊದಿಸಿದ್ರು. ಮೈಕಲ್ಲಿ ಒಬ್ರು, ಗಡೀಲಿ ಮೈನು ಹೂಳುವಾಗ ಜೊತೆಯೋನನ್ನ ಆಚೆಗೆ ತಳ್ಳಿ ತಾನು ಪ್ರಾಣ ಕೊಟ್ಟ ಮುನೀಂದ್ರನ ತಂದೆ ಇವರು ಅಂತ ಹೇಳಿದ್ರು. ಅಲ್ಲಿಗೆ ಮುಗೀತು ನೋಡು. ಆಮೇಲೆ ಒಬ್ರೂ ನನ್ನ ಮುಖ ನೋಡಲಿಲ್ಲ. ಕೈ ಹಿಡ್ಕೊಳ್ಳೋರು, ಅಯ್ಯೋ ಪಾಪ ಅನ್ನೋರು, ಕಣ್ಣು ಕೆಳಗೆ ಹಾಕಿ ಹೋಗೋರು. ನಗ್ತಾ ನಿಂತಿದ್ದೋರು ನಾನು ಹತ್ರ ಬಂದ್ರೆ ನಗು ನಿಲ್ಲಿಸೋರು. ಲಾಡು ಕೊಡೋ ಹೆಂಗಸು ಕೂಡ ನಂಗೆ ಲಾಡು ಕೊಡೋದೋ ಬೇಡ್ವೋ ಅಂತ ಯೋಚನೆ ಮಾಡಿದ್ಲು. ನಾನೇ ಕೈ ಚಾಚಿ ಇಸ್ಕೊಂಡೆ.

ವಾಪಸ್ ಬರೋವಾಗ ಬಸ್ಸಲ್ಲಿ ಪಿನ್ನು ಸಡಿಲ ಆಗಿತ್ತು. ತೆಗೆದು ಮತ್ತೆ ಚುಚ್ಚಿಕೊಂಡೆ.

ಕಲ್ಲಿನ ವಿಚಾರ ಕೇಳಿದೀಯ. ಆಗುತ್ತೆ ನಿಧಾನಕ್ಕೆ. ಅವಸರ ಏನು?

ನೀನು ಅಲ್ಲಿ ಗೋಧಿ ರೊಟ್ಟಿ ತಿಂದು ಹೊಟ್ಟೆ ಕೆಡಿಸ್ಕೋಬೇಡ. ಹಿಟ್ಟು ಮುಗಿದ್ರೆ ಬರಿ, ಕಳಿಸ್ತೀನಿ.

ಇಂತಿ ನಿನ್ನ ಮಾವ,
ಬೈಲಪ್ಪ


ಅಂಬಾಲಾ
12-10-2003

ಮಾವನವರಿಗೆ ನಮಸ್ಕಾರ.

ಈ ಸಲ ಕುಶಲದ ಮಾತು ಏನಿಲ್ಲ, ಬರೀ ಸಿಟ್ಟು. ಯಾರ ಹತ್ರ ಹೇಳ್ಕೊಳ್ಲಿ, ನಿಮಗೇ ಬರೀತೀನಿ.

ಹೋದ ತಿಂಗಳು ಇಲ್ಲಿಗೆ ಒಬ್ಬ ಬಂದಿದ್ದ. ಕ್ಯಾಪ್ಟನ್ ಅಂತೆ. ಗೆರೆ ಕೂರಿಸಿದ ಯೂನಿಫಾರ್ಮು, ಎದೆ ತುಂಬ ಮೆಡಲ್ಲು. ಜಹನಾರಾ ಗಂಡನ ಜೊತೆ ಅದೇ ಗುಡ್ಡದ ಮೇಲೆ ತಾನೂ ಇದ್ದೆ, ಕೊನೇ ಗುಟುಕು ನೀರು ತಾನೇ ಕುಡಿಸಿದ್ದು ಅಂದ. ಇವಳು ಅತ್ತು ಅತ್ತು ಅವನಿಗೆ ಬಡಿಸಿದ್ಲು. ಪೆಟ್ರೋಲ್ ಬಂಕ್ ಮಂಜೂರು ಮಾಡಿಸಿಕೊಡ್ತೀನಿ, ದಿಲ್ಲಿಯಲ್ಲಿ ಸ್ವಲ್ಪ ಓಡಾಟ ಇದೆ ಅಂದಾಗ ಕೈಯ ಬಳೆ ಬಿಚ್ಚಿಕೊಟ್ಲು. ಅವನು ಒಂದು ದಿನವೂ ಸೈನ್ಯದಲ್ಲಿ ಇದ್ದೋನಲ್ಲ ಮಾವ. ಮೆಡಲ್ಲೆಲ್ಲ ಅಂಗಡಿಯಲ್ಲಿ ಕೊಂಡಿದ್ದು. ಪೊಲೀಸರು ಹಿಡಿದ್ರು, ಮಾರನೇ ದಿನವೇ ಜಾಮೀನು ತಗೊಂಡು ಬೀಡಾ ಹಾಕ್ಕೊಂಡು ಹೊರಗೆ ಬಂದ. ಬಳೆಯ ಮೋಸಕ್ಕೆ ಬೇರೆ ಕೇಸು ಇದೆಯಂತೆ, ಅದು ಯಾವ ಕಾಲಕ್ಕೋ. ಮೆಡಲ್ ಹಾಕ್ಕೊಂಡು ಸೈನಿಕ ಅಂತ ನಂಬಿಸಿದ್ದಕ್ಕೆ ಕಾನೂನಿನಲ್ಲಿ ಇರೋ ಶಿಕ್ಷೆ ಎಷ್ಟು ಗೊತ್ತಾ? ಹೆಚ್ಚಂದ್ರೆ ಮೂರು ತಿಂಗಳು, ಇಲ್ಲಾಂದ್ರೆ ಐನೂರು ರೂಪಾಯಿ ದಂಡ. ಬ್ರಿಟಿಷರ ಕಾಲದ ಐನೂರು, ಇವತ್ತಿಗೂ ಅದೇ ಐನೂರು.

ಜಹನಾರಾ ಬಳೆಗೆ ಅಳ್ತಿಲ್ಲ. ಆ ನೀರಿನ ಮಾತು ಸುಳ್ಳಾಯ್ತಲ್ಲ, ಹಾಗಾದ್ರೆ ಅವರು ಬಾಯಾರಿಕೊಂಡೇ ಹೋದ್ರಾ ಅಂತ ಈಗ ಮತ್ತೆ ಮೊದಲಿಂದ ಅಳ್ತಿದಾಳೆ.

ನಾವೆಲ್ಲ ಸೇರಿ ದಿಲ್ಲಿಗೆ ಒಂದು ಮನವಿ ಕಳಿಸ್ತಿದೀವಿ. ಸೈನಿಕನಲ್ಲದೋನು ಮೆಡಲ್ ಹಾಕ್ಕೊಂಡು ಲಾಭ ಮಾಡ್ಕೊಂಡ್ರೆ ವರ್ಷಗಟ್ಟಲೆ ಒಳಗೆ ಹಾಕೋ ಕಾನೂನು ಬೇಕು ಅಂತ. ಶಿವಾಜಿನಗರದಲ್ಲಿ ಜಹನಾರಾಳ ಮಾಮು ಇದಾರೆ, ಸುಬೇದಾರ್ ಶೌಕತ್ ಅಂತ, ರಿಟೈರ್ ಆದೋರು. ಇವರಿದ್ದ ಹಲಸೂರಿನ ಎಂಇಜಿ ರೆಜಿಮೆಂಟಿನೋರೇ. ಆ ಕಡೆ ಸಹಿ ಹಾಕಿಸೋದು ಅವರ ಜವಾಬ್ದಾರಿ.

ನಿಮ್ಮ ಆರೋಗ್ಯ ನೋಡ್ಕೊಳ್ಳಿ.

ಹಂಸ


ಹೊರಮಾವು
30-11-2003

ಚಿ. ಸೌ. ಹಂಸಳಿಗೆ ಮಾವನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನ ಆಯ್ತು. ನಾನು ಮನೇಲೇ ಇರಲ್ಲ ಕಣಮ್ಮ ಈಗ. ಬೆಳಿಗ್ಗೆ ಮುದ್ದೆ ಉಂಡು ಹೊರಟ್ರೆ ಮತ್ತೆ ದೀಪ ಹಚ್ಚೋ ಹೊತ್ತಿಗೆ. ಆನಂದ ಸೈಟು ವ್ಯಾಪಾರದಲ್ಲಿ ಮುಳುಗವ್ನೆ, ಎಲ್ಲಿಗೆ ಹೋಗಿದ್ದೆ ಅಂತ ಕೇಳಕ್ಕೂ ಅವನಿಗೆ ಪುರಸೊತ್ತಿಲ್ಲ. ಒಳ್ಳೇದೇ ಆಯ್ತು.

ಬಸ್ಸು ಹತ್ತಿ ಕೆ.ಆರ್. ಪುರಕ್ಕೆ ಹೋಗ್ತೀನಿ. ಹೊಸದಾಗಿ ಹ್ಯಾಂಗಿಂಗ್ ಬ್ರಿಡ್ಜ್ ಕಟ್ಟಿದಾರಲ್ಲ, ಅದರ ಮೇಲೆ ಬಸ್ಸಲ್ಲಿ ಹೋಗೋಕೇ ಒಂದು ಮಜ. ರೈಲ್ವೆ ಸ್ಟೇಷನ್ ಹತ್ರ ಹಬೀಬ್ ಅಂತ ಒಬ್ಬನ ಚಾ ಅಂಗಡಿ ಇದೆ. ನಾನು ಹೋದ್ರೆ ಸ್ಟೂಲು ಒರೆಸಿ ಕೂರಿಸ್ತಾನೆ, ದುಡ್ಡು ಕೊಟ್ರೆ ಮುಟ್ಟಲ್ಲ. ಅಲ್ಲಿ ಬರೋರೆಲ್ಲ ನನ್ನ ಸುತ್ತ ಕೂತ್ಕೊಳ್ತಾರೆ. ಮರಳಲ್ಲಿ ಮೈನು ಹೆಂಗೆ ಹೂಳ್ತಾರೆ, ರಾತ್ರಿ ಚಳಿ ಎಷ್ಟಿರುತ್ತೆ ಅಂತ ಕೇಳ್ತಾರೆ. ಮುನಿ ಕಾಗದದಲ್ಲಿ ಬರೆದಿದ್ದೆಲ್ಲ ಬಾಯಿಗೇ ಇದೆಯಲ್ಲ, ಹೇಳ್ತೀನಿ. ನಗ್ತೀವಿ. ಯಾರೂ ಅಯ್ಯೋ ಪಾಪ ಅನ್ನಲ್ಲ.

ಹೋದ ವಾರ ದೊಮ್ಮಲೂರಿಗೆ ಹೋಗಿ ನಿಮ್ಮಮ್ಮನ್ನ ನೋಡ್ಕೊಂಡು ಬಂದೆ. ಚೆನ್ನಾಗಿದ್ದಾರೆ. ಫ್ಲೈಓವರ್ ಧೂಳು ಮನೆಯೊಳಗೆಲ್ಲ ಬರುತ್ತೆ ಅಂತ ಬೈತಿದ್ರು. ಕೋಟು ಬಿಚ್ಚಿ ಚೀಲಕ್ಕೆ ಹಾಕ್ಕೊಂಡು ಒಳಗೆ ಹೋದೆ, ಅಷ್ಟು ಸೆಕೆ.

ಆ ಕ್ಯಾಪ್ಟನ್ನು ಕಳ್ಳ, ಅವನನ್ನ ಒಳಗೆ ಹಾಕ್ಲಿ, ನಂದೇನೂ ತಕರಾರಿಲ್ಲ. ಆದ್ರೆ ಒಂದು ಮಾತು. ಯಾರ ಹತ್ರವೂ ಏನೂ ಕಿತ್ಕೊಳ್ದೆ ಸುಮ್ನೆ ಹಾಕ್ಕೊಂಡು ಓಡಾಡಿದೋನಿಗೂ ಅದೇ ಶಿಕ್ಷೇನಾ? ತಿಳ್ಕೊಳ್ಳೋಣ ಅಂತ ಕೇಳ್ದೆ.

ಇಂತಿ ನಿನ್ನ ಮಾವ,
ಬೈಲಪ್ಪ


ಅಂಬಾಲಾ
5-1-2004

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಎಷ್ಟು ಹಗುರಾಯ್ತು ಗೊತ್ತಾ? ಅಮ್ಮನೂ ಫೋನಿನಲ್ಲಿ ಹೇಳಿದ್ರು, ನಿಮ್ಮ ಮಾವ ಹತ್ತು ವರ್ಷ ಚಿಕ್ಕೋರಾಗಿದ್ದಾರೆ ಕಣೇ ಅಂತ. ನಾನು ಹೊರಡೋವಾಗ ಜಗಲಿ ಮೇಲೆ ಕೂತಿದ್ದ ನಿಮ್ಮ ಮುಖ ನೆನೆಸ್ಕೊಂಡು ಎಷ್ಟೋ ಸಲ ವಾಪಸ್ ಬಂದುಬಿಡೋಣ ಅನ್ನಿಸಿತ್ತು. ಇವರ ಕಥೆ ನಾಲ್ಕು ಜನಕ್ಕೆ ಹೇಳ್ಕೊಂಡು ನೀವು ನಗ್ತಿದೀರ ಅಂದ್ರೆ ನಂಗೆ ಬೇರೇನು ಬೇಕು? ನನ್ನ ಕೈಲಿ ಅದು ಇನ್ನೂ ಆಗಿಲ್ಲ.

ನೀವು ಕೇಳಿದ್ರಲ್ಲ, ಸುಮ್ನೆ ಹಾಕ್ಕೊಂಡೋನ ವಿಷಯ. ಅಂಥೋನೇ ಇನ್ನೂ ಕೆಟ್ಟೋನು ಮಾವ. ಕಳ್ಳ ಬಳೆ ತಗೊಂಡು ಹೋಗ್ತಾನೆ. ಇವನು ಸತ್ತೋರ ಜಾಗದಲ್ಲೇ ಬಂದು ಕೂತ್ಕೊಳ್ತಾನೆ. ಇವರು ಜೀವ ಕೊಟ್ಟು ತಗೊಂಡಿದ್ದನ್ನ ಯಾರೋ ಬಸ್ಸಲ್ಲಿ ಸೀಟು ಸಿಗಲಿ ಅಂತ ಚುಚ್ಚಿಕೊಂಡು ಓಡಾಡಿದ್ರೆ ನಾನಂತೂ ಅವನ ಮುಖ ನೋಡಲ್ಲ, ಅವನು ಯಾರೇ ಆಗಿರಲಿ.

ಸಹಿ ಹಾಕಿಸೋ ಹಾಳೆ ಇದರ ಜೊತೆ ಇಟ್ಟಿದೀನಿ. ಮೊದಲ ಸಹಿ ನಿಮ್ಮದೇ ಇರಲಿ. ಹುತಾತ್ಮನ ತಂದೆ ಅಂತ ಪಕ್ಕದಲ್ಲಿ ಬರೆಯಿರಿ.

ಹದಿನಾಲ್ಕಕ್ಕೆ ಎರಡು ವರ್ಷ ತುಂಬುತ್ತೆ. ನಂಗೆ ರಜೆ ಕೊಡ್ಲಿಲ್ಲ. ಎಡೆಯಲ್ಲಿ ಇವರಿಗೆ ಇಷ್ಟವಾದ ಅವರೆಕಾಳು ಸಾರು ಇಡಿ. ನೀವೇ ಇಡಿ.

ಹಂಸ


ಹೊರಮಾವು
10-2-2004

ಚಿ. ಸೌ. ಹಂಸಳಿಗೆ ಆಶೀರ್ವಾದ.

ಹಾಳೆ ಇದರಲ್ಲಿದೆ. ಮೊದಲ ಸಹಿ ನಂದು. ಪಕ್ಕದಲ್ಲಿ ನೀನು ಬರೀ ಅಂದಿದ್ದನ್ನ ಬರೆಯೋಕೆ ಜಾಗ ಸಾಲಲಿಲ್ಲ.

ಎಡೆ ಶ್ವೇತ ಇಟ್ಟಳು. ನಾನು ಹೊರಗೆ ಹೋಗಿದ್ದೆ.

ನೀನು ಬರೆದಿದ್ದು ಸರಿಯಾಗಿದೆ. ಬಸ್ಸಲ್ಲಿ ಸೀಟು ಸಿಗಲಿ ಅಂತ ಯಾರೂ ಹಂಗೆ ಮಾಡಬಾರದು.

ಬೈಲಪ್ಪ


ಅಂಬಾಲಾ
28-3-2004

ಮಾವನವರಿಗೆ,

ಈ ಕಾಗದ ಸಿಕ್ಕ ತಕ್ಷಣ ಬೀರು ತೆಗೆದು ಮೆಡಲ್ಲಿನ ಡಬ್ಬಿ ನೋಡಿ.

ಸುಬೇದಾರ್ ಶೌಕತ್ ಮಾಮು ಜಹನಾರಾಗೆ ಬರೆದಿದ್ದಾರೆ. ಹಲಸೂರು ಬಸ್‌ಸ್ಟಾಪಿನಲ್ಲಿ ಒಬ್ಬ ಮುದುಕ, ಕಪ್ಪು ಕೋಟು, ಎದೆಯ ಎಡಗಡೆ ಸೇನಾ ಮೆಡಲ್ಲು. ಎಪ್ಪತ್ತೊಂದರ ಯುದ್ಧದಲ್ಲಿದ್ದೆ ಅಂತ ಹೇಳ್ಕೊಂಡು ನಿಂತಿದ್ನಂತೆ. ಮಾಮುಗೆ ಅನುಮಾನ ಬಂದಿದೆ. ಯುದ್ಧ ಮಾಡಿದೋನ ಎದೆ ಮೇಲೆ ಅದೊಂದೇ ಹೇಗಿರುತ್ತೆ, ಸರ್ವಿಸಿನ ಬೇರೆ ಮೆಡಲ್ಲುಗಳೆಲ್ಲಿ ಅಂತ. ನೋಡೋಣ ಕೊಡಿ ತಾತ ಅಂತ ಕೈಗೆ ತಗೊಂಡು ಅಂಚು ತಿರುಗಿಸಿ ಓದಿದ್ದಾರೆ. ಅಂಚಿನ ಮೇಲೆ ಹೆಸರು, ನಂಬರು ಕೊರೆದಿರುತ್ತಲ್ಲ. ಇವರ ಹೆಸರು, ಇವರ ನಂಬರು.

ನಿಮ್ಮ ಹೆಸರೇನು ಅಂತ ಕೇಳಿದ್ರೆ ಆ ಮುದುಕ ಮುನೀಂದ್ರ ಅಂದ್ನಂತೆ. ಮಾವ, ನನ್ನ ಗಂಡನ ಹೆಸರು ತನ್ನದು ಅಂತ ಹೇಳಿದ್ದಾನೆ ಅವನು. ಯಾವೂರು ಅನ್ನೋ ಹೊತ್ತಿಗೆ ಮೆಡಲ್ಲು ಇಸ್ಕೊಂಡು ಬಸ್ಸು ಹತ್ತಿ ಹೊರಟೇಹೋದ್ನಂತೆ.

ನಂಗೆ ಮೈಯೆಲ್ಲ ಉರೀತಿದೆ. ಮನೆಗೆ ಬಣ್ಣ ಹೊಡೆಯೋಕೆ, ಕರೆಂಟು ಕೆಲಸಕ್ಕೆ ಯಾರ್ಯಾರು ಬಂದಿದ್ರು, ಶ್ವೇತಕ್ಕನ್ನ ಕೇಳಿ. ನಾನು ದೂರು ಬರೆದು ಸಹಿ ಮಾಡಿ ಮಾಮುಗೆ ಕಳಿಸಿದೀನಿ. ಅವನು ದಿನಾ ಅದೇ ದಾರಿಯಲ್ಲಿ ಓಡಾಡ್ತಾನಂತೆ, ಮತ್ತೆ ಕಂಡ್ರೆ ಪೊಲೀಸರಿಗೆ ಹಿಡಿಸಿಕೊಡ್ತಾರೆ. ವಯಸ್ಸಾಗಿದೆ ಅಂತ ಬಿಡಬೇಡಿ ಅಂತ ನಾನೇ ಬರೆದಿದೀನಿ.

ನೀವು ಮಾತ್ರ ಗಾಬರಿ ಆಗ್ಬೇಡಿ. ಕಳೆದುಹೋಗಿದ್ದು ನಿಮ್ಮ ತಪ್ಪಲ್ಲ.

ಹಂಸ


ಹೊರಮಾವು
11-4-2004

ಚಿ. ಸೌ. ಹಂಸಳಿಗೆ ಆಶೀರ್ವಾದ.

ಡಬ್ಬಿ ನೋಡ್ದೆ. ಖಾಲಿ ಇದೆ.

ಕಳ್ಳನ್ನ ಹಿಡಿದಿದ್ದಾರೆ. ಮೆಡಲ್ಲು ಸ್ಟೇಷನ್ನಲ್ಲಿ ಭದ್ರವಾಗಿದೆ, ಮುಕ್ಕಾಗಿಲ್ಲ. ನೀನು ಮಾಡಿದ್ದು ಸರಿಯಾಗಿದೆ. ಮುಂದೆ ಏನೇ ಗೊತ್ತಾದ್ರೂ ಅದನ್ನ ಮನಸ್ಸಿಗೆ ಹಚ್ಕೋಬೇಡ.

ಹಿಟ್ಟು ಕಳಿಸಿದೀನಿ.

ಬೈಲಪ್ಪ


ಅಂಬಾಲಾ
2-5-2004

ಮಾವ,

ಆನಂದ ಭಾವ ಫೋನ್ ಮಾಡಿದ್ರು. "ನೀನು ಕೊಟ್ಟ ದೂರಿಗೆ ನಮ್ಮಪ್ಪನ್ನ ಸ್ಟೇಷನ್ ಬೆಂಚಿನ ಮೇಲೆ ಕೂರಿಸಿದ್ರು, ಸಂತೋಷ ಆಯ್ತೇನಮ್ಮ" ಅಂದ್ರು. ಫೋನ್ ಇಟ್ಟ ಮೇಲೂ ಅಲ್ಲೇ ನಿಂತಿದ್ದೆ.

ಎಷ್ಟು ದಡ್ಡಿ ನಾನು! ನವೆಂಬರಲ್ಲಿ ಸೆಕೆ ಅಂತ ಕೋಟು ಬಿಚ್ಚಿದೆ ಅಂದ್ರಿ, ನಂಬಿದೆ. ಸಹಿ ಪಕ್ಕದಲ್ಲಿ ಬರೆಯೋಕೆ ಜಾಗ ಸಾಲಲಿಲ್ಲ ಅಂದ್ರಿ, ಇಡೀ ಹಾಳೆ ಖಾಲಿ ಇತ್ತು, ಅದನ್ನೂ ನಂಬಿದೆ. ಹತ್ತು ವರ್ಷ ಚಿಕ್ಕೋರಾಗಿದ್ದೀರ ಅಂತ ಕುಣಿದಾಡಿದೆ.

ಯಾಕೆ ಮಾವ? ನಿಮಗೆ ಊಟಕ್ಕಿಲ್ವಾ, ಬಟ್ಟೆಗಿಲ್ವಾ? ಹಬೀಬನ ಒಂದು ಚಾಗೋಸ್ಕರ ಮಗನ ಹೆಸರು ಕದ್ರಾ? ಬಲಗಡೆ ಹಾಕ್ಕೊಂಡು ನಾನು ಮುನೀಂದ್ರನ ತಂದೆ ಅಂದಿದ್ರೂ ಸೀಟು ಕೊಡ್ತಿದ್ರು. ಅಷ್ಟು ದೊಡ್ಡ ಮಾತು ನಿಮ್ಮದೇ ಇರುವಾಗ ಸುಳ್ಳು ಯಾಕೆ ಬೇಕಾಗಿತ್ತು? ಜಹನಾರಾ ಮುಂದೆ ಹೇಗೆ ನಿಲ್ಲಲಿ? ಅವಳು ಒಂದು ಮಾತೂ ಕೇಳ್ತಿಲ್ಲ, ಚಾ ಮಾಡಿ ತಂದು ಇಟ್ಟು ಹೋಗ್ತಾಳೆ. ಅದಕ್ಕೇ ಇನ್ನೂ ಸಂಕಟ.

ಅವನ ಮುಖ ನೋಡಲ್ಲ ಅಂತ ಬರೆದಿದ್ದೆ. ನಿಮಗೇ ಬರೆದಿದ್ದೆ. ನೀವು ಅದನ್ನ ಓದಿ, ಮಡಚಿಟ್ಟು, ನಂಗೆ ಹಿಟ್ಟು ಕಳಿಸಿದ್ರಿ.

ಉತ್ತರ ಬರೆಯಿರಿ. ಬರೀ ಆಶೀರ್ವಾದ ಬರೀಬೇಡಿ.

ಹಂಸ


ಹೊರಮಾವು
25-5-2004

ಚಿ. ಸೌ. ಹಂಸಳಿಗೆ.

ಉತ್ತರ ಬರೆಯೋಕೆ ಕೂತು ಕೂತು ಎದ್ದಿದೀನಿ. ಇವತ್ತು ಬರೀತೀನಿ.

ಆ ಆಗಸ್ಟ್ ಹದಿನೈದರ ಬಸ್ಸಲ್ಲಿ ಪಿನ್ನು ಸಡಿಲ ಆಯ್ತು ಅಂತ ಬರೆದಿದ್ನಲ್ಲ. ತೆಗೆದು ಮತ್ತೆ ಚುಚ್ಚುವಾಗ ಎಡಗಡೆ ಚುಚ್ಚಿದ್ದೆ. ಬೇಕು ಅಂತಲ್ಲ, ಬಸ್ಸು ಅಲ್ಲಾಡ್ತಿತ್ತು, ಕೈಗೆ ಸಿಕ್ಕಿದ ಕಡೆ. ಆಗ ಕಂಡಕ್ಟ್ರು ಬಂದ. ಏನ್ ಯಜಮಾನ್ರೇ, ಮಿಲಿಟರೀಲಿದ್ರಾ, ಯಾವ ವಾರು ಅಂತ ನಗ್ತಾ ಕೇಳ್ದ. ನಗ್ತಾ, ಹಂಸ. ಆ ದಿನ ಎಲ್ಲ ನನ್ನ ಎದೆ ನೋಡಿ ಒಬ್ರೂ ನಕ್ಕಿರಲಿಲ್ಲ. ಎಪ್ಪತ್ತೊಂದು ಅಂದುಬಿಟ್ಟೆ. ಎಲ್ಲಿ ಏಟು ಬಿತ್ತು ಅಂದ. ಮೈನು ಸಿಡೀತು, ಜೊತೆಯೋನನ್ನ ಆಚೆಗೆ ತಳ್ಳಿದೆ, ನಾನೂ ಅವನ ಹಿಂದೇನೇ ಹಾರಿದೆ, ಬದುಕ್ಕೊಂಡೆ ಅಂದೆ.

ಬದುಕ್ಕೊಂಡೆ ಅಂತ ಹೇಳೋಕೆ ಎಷ್ಟು ಸಲೀಸು ಗೊತ್ತಾ? ಅವನು ಶಭಾಷ್ ಅಂದ. ನಾನು ಮನೆ ತನಕ ನೆಲದ ಮೇಲೆ ನಡೀಲಿಲ್ಲ.

ಮಾರನೇ ದಿನ ಮತ್ತೆ ಹೋದೆ. ಆಮೇಲೆ ದಿನಾ. ನಾನು ಸೀಟಿಗೆ ಹೋಗ್ಲಿಲ್ಲ, ಚಾಗೆ ಹೋಗ್ಲಿಲ್ಲ. ಕೊಟ್ಟಾಗ ಬೇಡ ಅನ್ನಲೂ ಇಲ್ಲ, ತಗೊಂಡಿದೀನಿ. ಲಾಭ ಮಾಡ್ಕೊಂಡಿಲ್ಲ ಅಂತ ನಿನ್ನ ಹತ್ರ ವಾದ ಮಾಡಲ್ಲ. ಆದ್ರೆ ನಾನು ಹೋಗ್ತಿದ್ದಿದ್ದು ಅವರು ಹೆಸರು ಕೇಳ್ಲಿ ಅಂತ. ಮುನೀಂದ್ರ ಅನ್ನಬಹುದಲ್ಲ ಅಂತ. ಮುನೀಂದ್ರಣ್ಣ ಬಂದ್ರು, ಚಾ ಹಾಕು ಅಂತ ಯಾರಾದ್ರೂ ಕೂಗಿದ್ರೆ ಸಾಕು, ಆ ಹೊತ್ತಿಗೆ ಅವನು ಯುದ್ಧಕ್ಕೆ ಹೋಗಿ ವಾಪಸ್ ಬಂದು, ಮುದುಕ ಆಗಿ, ಸ್ಟೂಲ್ ಮೇಲೆ ಕೂತಿರ್ತಿದ್ದ. ಮಕ್ಕಳೆಷ್ಟು ಅಂತ ಹಬೀಬ್ ಕೇಳ್ದ. ಇಬ್ರು ಅಂತ ಬಾಯಿಗೆ ಬಂತು. ಒಂದು ಹೆಣ್ಣು, ಒಂದು ಗಂಡು.

ಕಲ್ಲಿನ ವಿಚಾರದಲ್ಲೂ ಸುಳ್ಳು ಹೇಳಿದೀನಿ. ಪಂಚಾಯ್ತಿಯೋರು ಸೆಪ್ಟೆಂಬರಲ್ಲೇ ಕೆತ್ತಿಸಿ ಕಳಿಸಿದ್ರು. ಅವನ ಹೆಸರಿನ ಹಿಂದೆ ಹುತಾತ್ಮ ಅಂತ ಇದೆ, ಕೆಳಗೆ ಎರಡು ಇಸವಿ ಇದೆ. ನಾನು ನಿಲ್ಲಿಸೋಕೆ ಬಿಡ್ಲಿಲ್ಲ. ಕೊಟ್ಟಿಗೇಲಿ ಗೋಣಿಚೀಲ ಹೊದಿಸಿ ಮಲಗಿಸಿದೀನಿ.

ನೀನು ಬೈದಿದ್ದೆಲ್ಲ ಸರಿ. ಸತ್ತೋರ ಜಾಗದಲ್ಲಿ ಕೂತೆ ಅಂದೆ, ಅದೊಂದು ಮಾತ್ರ ಹಂಗಲ್ಲ. ಅವನು ಸತ್ತಿಲ್ಲ ಅಂತ ಕೂತಿದ್ದೆ.

ಮೇಯೋಹಾಲ್ ಕೋರ್ಟಿಗೆ ಜೂನ್ ಕೊನೇ ವಾರ ಬಾ ಅಂದಿದ್ದಾರೆ. ಶೌಕತ್ ಸಾಹೇಬ್ರು ಮನೆಗೆ ಬಂದಿದ್ರು. ಬಹಳ ಹೊತ್ತು ಕೂತಿದ್ದು, ಗೊತ್ತಾಗದೆ ಎಡಗಡೆ ಹಾಕ್ಕೊಂಡೆ ಅಂತ ಹೇಳ್ಬಿಡಿ ಅಣ್ಣ, ಬಿಟ್ಟುಬಿಡ್ತಾರೆ ಅಂದ್ರು. ಒಳ್ಳೇ ಮನುಷ್ಯ.

ಇಂತಿ ನಿನ್ನ ಮಾವ,
ಬೈಲಪ್ಪ


ಅಂಬಾಲಾ
8-6-2004

ಮಾವ,

ಹೋದ ವರ್ಷ ಜುಲೈನಲ್ಲಿ ನಾನು ಬರೆದ ಕಾಗದ ಒಲೆಗೆ ಹಾಕಿ. ಬಲಗಡೆ ಅಂತ ನಾನು ಹೇಳೇ ಇಲ್ಲ. ಮೆಡಲ್ಲನ್ನ ನಾನೇ ಕೊಟ್ಟು ಬಂದಿದ್ದು, ಪದ್ಧತಿ ತಿಳಿಸಿರಲಿಲ್ಲ, ದೂರು ವಾಪಸ್ ತಗೊಳ್ತೀನಿ ಅಂತ ಕೋರ್ಟಿಗೆ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದೀನಿ. ಸುಳ್ಳಿನ ಕೆಳಗೆ ಸಹಿ ಹಾಕಿದೀನಿ. ಕಾನೂನು ಬಿಗಿ ಮಾಡಿ ಅಂತ ಊರೂರಿಗೆ ಬರೆದೋಳು ನಾನೇ. ಪರವಾಗಿಲ್ಲ. ಜಹನಾರಾನೇ ಬರಿ ಅಂದ್ಲು.

ಜಡ್ಜು ಕೇಳಿದಾಗ ನೀವು ಗೊತ್ತಿರಲಿಲ್ಲ ಅಂದ್ರೆ ಸಾಕು. ಬೇರೇನೂ ಮಾತಾಡ್ಬೇಡಿ.

ಒಂದು ಕೇಳ್ತೀನಿ. ಆ ಮಕ್ಕಳಿಗೆ ಏನಂತ ಹೆಸರಿಟ್ಟಿದ್ರಿ?

ನಿಮ್ಮ,
ಹಂಸ


ಹೊರಮಾವು
4-7-2004

ಚಿ. ಹಂಸಳಿಗೆ ನಿನ್ನ ಮಾವ ಬೈಲಪ್ಪನ ಆಶೀರ್ವಾದಗಳು.

ಕೋರ್ಟು ಮುಗೀತು. ಆನಂದ ಬಂದಿದ್ದ, ಶೌಕತ್ ಸಾಹೇಬ್ರೂ ಬಂದಿದ್ರು. ಜಡ್ಜು ಹೆಂಗಸು, ನಿನಗಿಂತ ಸ್ವಲ್ಪ ದೊಡ್ಡೋಳಿರಬಹುದು. ನೀನು ಬರೆದಿದ್ದನ್ನ ಓದ್ಕೊಂಡೇ ಕೂತಿದ್ಲು. ನನ್ನ ಕೋಟು ನೋಡಿ, ಕೂದಲು ನೋಡಿ, ಬಿಟ್ಟುಬಿಡೋಣ ಅಂತಲೇ ಇತ್ತು ಆಯಮ್ಮನ ಮನಸ್ಸಲ್ಲಿ. ನಿಧಾನಕ್ಕೆ ಕೇಳಿದ್ಲು.

"ಯಜಮಾನ್ರೇ, ಬಲಗಡೆ ಹಾಕ್ಕೋಬೇಕು ಅಂತ ನಿಮಗೆ ಗೊತ್ತಿರಲಿಲ್ಲ ಅಲ್ವಾ?"

ಗೊತ್ತಿರಲಿಲ್ಲ ಅನ್ನೋದು ನಾಲಿಗೆ ತುದೀಲೇ ಇತ್ತು. ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮೆಡಲ್ಲು ಇಟ್ಟಿದ್ರು, ಚೀಟಿ ಅಂಟಿಸಿ. ಅದರ ಕಡೆ ನೋಡ್ದೆ. ಮುನಿಯನ್ನ ಕವರಿಗೆ ಹಾಕಿ ಇಟ್ಟಿದ್ದು ನಾನೇ ಅನ್ನಿಸ್ತು. ಇನ್ನೊಂದು ಸುಳ್ಳು ಹೇಳಿದ್ರೆ ಅವನು ಅಲ್ಲೇ ಇರ್ತಾನೆ.

"ಗೊತ್ತಿತ್ತು ತಾಯಿ," ಅಂದೆ. "ಬಲಗಡೆ ಹಾಕಿದ್ರೆ ಸತ್ತೋಗವ್ನೆ ಅಂತ ಅರ್ಥ. ಅದಕ್ಕೇ ಹಾಕ್ಲಿಲ್ಲ."

ಹಾಗಾದ್ರೆ ಇದು ಯಾರದು ಅಂತ ಆಯಮ್ಮ ಕೇಳ್ಬೇಕಾಗಿತ್ತು, ಕೇಳಿದ್ಲು. "ನನ್ನ ಮಗಂದು. ಅವನು ಸತ್ತೋಗವ್ನೆ," ಅಂದೆ. ಇಷ್ಟು ದಿನದಲ್ಲಿ ನನ್ನ ಬಾಯಿಂದ ಆ ಮಾತು ಬಂದಿದ್ದು ಅದೇ ಮೊದಲು ಹಂಸ. ಹೆಣ ಬಂದ ದಿನವೂ ಅಂದಿರಲಿಲ್ಲ. ಎಂಇಜಿಯೋರು ಬಾವುಟ ಮಡಚಿ ಕೊಟ್ಟಾಗಲೂ ಅಂದಿರಲಿಲ್ಲ. ಆನಂದ ಹಿಂದಿನ ಬೆಂಚಲ್ಲಿ ಮುಖ ಮುಚ್ಚಿಕೊಂಡು ಅಳೋಕೆ ಶುರು ಮಾಡ್ದ. ಅವನೂ ತಮ್ಮನಿಗೆ ಅತ್ತಿರಲಿಲ್ಲ. ನಾನು ಅಳದೆ ಇರೋ ಮನೇಲಿ ಅವನು ಹೆಂಗೆ ಅಳ್ತಾನೆ?

ಪದ್ಧತಿ ಯಾರು ಹೇಳಿದ್ರು ಅಂದ್ರೆ, ಎಲ್ಲೋ ಕೇಳಿದ್ದೆ ಅಂದೆ. ನಿನ್ನ ಹೆಸರು ಎತ್ತಲಿಲ್ಲ. ತಪ್ಪು ಒಪ್ಪಿದ್ದಕ್ಕೆ ಅದೇ ಐನೂರು ರೂಪಾಯಿ ದಂಡ ಹಾಕಿದ್ರು. ಶೌಕತ್ ಸಾಹೇಬ್ರು ಜೇಬಿಗೆ ಕೈ ಹಾಕಿದ್ರು, ಬೇಡ ಅಂದೆ. ನೀನು ಕಮ್ಮಿ ಅಂತಿದ್ದೆ. ನಂಗೂ ಕಮ್ಮಿ ಅನ್ನಿಸ್ತು.

ಮೆಡಲ್ಲು ವಾಪಸ್ ಕೊಟ್ಟಿದ್ದಾರೆ, ನೀನು ಬಂದಾಗ ತಗೊಂಡು ಹೋಗು. ಕಲ್ಲನ್ನ ನಿನ್ನೆ ರಸ್ತೆ ತಿರುವಿನಲ್ಲಿ ನಿಲ್ಲಿಸಿದ್ವಿ. ನಾನೇ ಗಾರೆ ಹಾಕ್ದೆ.

ಅದಾದ ಮೇಲೆ ಬಲಗಡೆ ಹಾಕ್ಕೊಂಡು ಹಬೀಬನ ಅಂಗಡಿಗೆ ಹೋದೆ. ಹೇಳ್ದೆ, ನಾನು ಮುನೀಂದ್ರ ಅಲ್ಲ, ಮುನೀಂದ್ರನ ಅಪ್ಪ ಅಂತ. ಅವನು ಯಾವತ್ತಿನ ಹಂಗೆ ಸ್ಟೂಲು ಒರೆಸಿದ, ಚಾ ಕೊಟ್ಟ. ಮತ್ತೆ ಆ ಇಬ್ರು ಮಕ್ಕಳು ಅಂತ ಕೇಳ್ದ. ಅವರೂ ಇಲ್ಲಪ್ಪ ಅಂದೆ. ಈ ಸಲ ದುಡ್ಡು ಕೊಟ್ಟೆ, ತಗೊಂಡ. ನೀನು ಹೆಸರು ಕೇಳಿದ್ದೆ. ಹುಡುಗಿ ತೇಜಶ್ರೀ, ಹುಡುಗ ಸೂರ್ಯ.

ಮೇಲೆ ನಿನ್ನ ಹೆಸರಿನ ಹಿಂದೆ ಒಂದು ಅಕ್ಷರ ಬರೀಲಿಲ್ಲ, ನೋಡಿರ್ತೀಯ. ಕೈ ಅದನ್ನೇ ಬರೆಯೋಕೆ ಹೋಯ್ತು, ತಡೆದೆ.

ಹಿಟ್ಟು ಮುಗಿಯೋಕೆ ಬಂದಿರಬೇಕು, ಈ ವಾರ ಕಳಿಸ್ತೀನಿ. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ಮಾವ,
ಬೈಲಪ್ಪ
ಮುನೀಂದ್ರನ ತಂದೆ